ಸುಖದ ಲೆಕ್ಕವೂ ಕಂಪನಿಯ ದಫ್ತರವೂ

ಹೊಲಗದ್ದೆ ಇರುವ ಮನೆಯವರೆಲ್ಲ ಪಹಣಿ ನೋಡಿರುತ್ತಾರೆ. ಸರ್ವೆ ನಂಬರು, ವಿಸ್ತೀರ್ಣ, ಖರಾಬು, ಮಣ್ಣಿನ ನಮೂನೆ, ಕಂದಾಯ ಎಂದು ಅದರಲ್ಲಿ ಕಲಮುಗಳಿರುತ್ತವೆ. ಬೆಳೆಸಾಲಕ್ಕೋ ಪಾಲುಪಟ್ಟಿಗೋ ಬೇಕಾದಾಗ ನಾಡಕಚೇರಿಯಿಂದ ತರುವ ಆ ಹಾಳೆಯಲ್ಲಿ ಕಂದಾಯದ ಅಂಕಿಯನ್ನು ಈಗ ಯಾರೂ ಗಮನಿಸುವುದಿಲ್ಲ. ಕೆಲವೇ ರೂಪಾಯಿ ಅಷ್ಟೆ. ಒಂದು ಕಾಲದಲ್ಲಿ ಒಂದು ಸಂಸಾರ ಊರಲ್ಲಿ ಉಳಿಯುವುದೋ ಗುಳೆ ಹೋಗುವುದೋ ಎಂಬುದನ್ನು ಆ ಅಂಕಿಯೇ ತೀರ್ಮಾನಿಸುತ್ತಿತ್ತು. ನೆಲವನ್ನು ತುಂಡುತುಂಡಾಗಿ ಅಳೆದು, ನಂಬರು ಹಾಕಿ, ಮಣ್ಣಿಗೆ ದರ್ಜೆ ಕೊಟ್ಟು ತೆರಿಗೆ ಕಟ್ಟುವ ಈ ಪದ್ಧತಿ ರೂಪುಗೊಂಡ ಕಥೆಯಲ್ಲಿ ಲಂಡನ್ನಿನ ಮೂವರು ಗೆಳೆಯರಿದ್ದಾರೆ: ಜೆರೆಮಿ ಬೆಂಥಮ್, ಜೇಮ್ಸ್ ಮಿಲ್, ಡೇವಿಡ್ ರಿಕಾರ್ಡೊ. ಒಬ್ಬ ಕಾನೂನಿನ ತತ್ತ್ವಜ್ಞಾನಿ, ಒಬ್ಬ ಇತಿಹಾಸಕಾರ, ಒಬ್ಬ ಷೇರುಪೇಟೆಯಲ್ಲಿ ಹಣ ಮಾಡಿ ಅರ್ಥಶಾಸ್ತ್ರ ಬರೆದವನು. ಮೂವರಲ್ಲಿ ಯಾರೂ ಭಾರತವನ್ನು ಕಂಡವರಲ್ಲ.

ತತ್ತ್ವಜ್ಞಾನಿಗೂ ರಾಜ್ಯಾಧಿಕಾರಕ್ಕೂ ಇರುವ ನಂಟು ಎಂದಕೂಡಲೆ ನಮಗೆ ಗುರುಶಿಷ್ಯರ ಜೋಡಿಗಳು ನೆನಪಾಗುತ್ತವೆ. ಅರಿಸ್ಟಾಟಲ್ ಅಲೆಗ್ಸಾಂಡರನಿಗೆ ಪಾಠ ಹೇಳಿದ. ಪ್ಲೇಟೊ ಸಿರಾಕ್ಯೂಸಿನ ದೊರೆಯನ್ನು ತಿದ್ದಲು ಹೋಗಿ ಸೋತು ಮರಳಿದ. ಕಥೆಗಳು ಸ್ವಾರಸ್ಯವಾಗಿವೆ, ಆದರೆ ವಿಚಾರಗಳು ಆಳ್ವಿಕೆಯ ಒಳಕ್ಕೆ ಇಳಿಯುವ ದಾರಿಯನ್ನು ಅವು ತೋರಿಸಲಾರವು. ದೊರೆಯ ಕಿವಿಗೆ ಬಿದ್ದ ಮಾತು ದೊರೆಯೊಂದಿಗೇ ಹೋಗುತ್ತದೆ. ಪಠ್ಯಪುಸ್ತಕವಾದದ್ದು, ಕಾನೂನಿನ ಕಲಮಾದದ್ದು, ದಫ್ತರದಲ್ಲಿ ಕರಡಾದದ್ದು ಉಳಿಯುತ್ತದೆ. ಮತ್ತು ಹಾಗೆ ಉಳಿಯುವಾಗ ತತ್ತ್ವ ಇಡಿಯಾಗಿ ಉಳಿಯುವುದಿಲ್ಲ; ಆಳುವವರಿಗೆ ಒಗ್ಗಿದ ಭಾಗ ಒಳಗೆ ಬರುತ್ತದೆ, ಆಳುವವರನ್ನು ಕಟ್ಟಿಹಾಕುವ ಭಾಗ ಹೊರಗೇ ನಿಲ್ಲುತ್ತದೆ. ಉಪಯುಕ್ತತಾವಾದ ಎಂಬ ತತ್ತ್ವಕ್ಕೆ 19ನೆಯ ಶತಮಾನದ ಭಾರತದಲ್ಲಿ ಆದದ್ದು ಇದೇ.

ಮೊದಲು ತತ್ತ್ವವನ್ನೇ ನೋಡೋಣ. ಬೆಂಥಮ್ (1748–1832) ವಕೀಲಿ ಓದಿದ, ಆದರೆ ವೃತ್ತಿ ನಡೆಸಲಿಲ್ಲ. ಅವನ ಕಾಲದ ಇಂಗ್ಲೆಂಡಿನಲ್ಲಿ ಸುಮಾರು 200 ಬಗೆಯ ಅಪರಾಧಗಳಿಗೆ ಗಲ್ಲುಶಿಕ್ಷೆ ಇತ್ತು. ಸಣ್ಣಪುಟ್ಟ ಕಳ್ಳತನವೂ ಅವುಗಳಲ್ಲಿ ಸೇರಿತ್ತು. ಕಾನೂನು ಎಲ್ಲಿದೆ ಎಂದು ಕೇಳಿದರೆ ನೂರಾರು ವರ್ಷಗಳ ತೀರ್ಪುಗಳ ರಾಶಿಯನ್ನು ತೋರಿಸುತ್ತಿದ್ದರು. ಏಕೆ ಹೀಗೆ ಎಂದರೆ, ಹಿಂದಿನಿಂದ ಬಂದದ್ದು ಎಂಬ ಉತ್ತರ. ಬೆಂಥಮ್ ಈ ಉತ್ತರವನ್ನು ಒಪ್ಪಲಿಲ್ಲ. ಯಾವುದೇ ಕಾನೂನು, ಸಂಪ್ರದಾಯ, ಸಂಸ್ಥೆ ಇರಲಿ, ಅದರಿಂದ ಯಾರಿಗೆ ಎಷ್ಟು ಸುಖ, ಯಾರಿಗೆ ಎಷ್ಟು ನೋವು ಎಂದು ಕೇಳಿದ. ಸುಖದ ಮೊತ್ತ ಹೆಚ್ಚಾದರೆ ಅದು ಸರಿ, ನೋವಿನ ಮೊತ್ತ ಹೆಚ್ಚಾದರೆ ತಪ್ಪು. ಗರಿಷ್ಠ ಜನರ ಗರಿಷ್ಠ ಸುಖ ಎಂದು ನಾವು ಪಠ್ಯದಲ್ಲಿ ಓದುವ ಸೂತ್ರ ಇದು. ಸುಖವನ್ನು ಅಳೆಯಲು ಅವನು 1789ರ ತನ್ನ ಮುಖ್ಯ ಗ್ರಂಥದಲ್ಲಿ ಏಳು ಮಾನಗಳನ್ನೂ ಕೊಟ್ಟ. ಸುಖ ಎಷ್ಟು ತೀವ್ರ, ಎಷ್ಟು ಹೊತ್ತು ಇರುತ್ತದೆ, ಸಿಗುವುದು ಎಷ್ಟು ಖಚಿತ, ಎಷ್ಟು ಬೇಗ ಸಿಗುತ್ತದೆ, ಇನ್ನಷ್ಟು ಸುಖವನ್ನು ಹುಟ್ಟಿಸುತ್ತದೆಯೇ, ನೋವು ಬೆರೆಯದೆ ಶುದ್ಧವಾಗಿರುತ್ತದೆಯೇ, ಎಷ್ಟು ಜನಕ್ಕೆ ಮುಟ್ಟುತ್ತದೆ ಎಂಬವು ಅವು.

ಇದನ್ನು ಒಣ ಲೆಕ್ಕಾಚಾರ ಎಂದು ತಳ್ಳಿಹಾಕುವವರು ಬಹಳ ಜನ. ನಾನು ಹಾಗೆ ತಳ್ಳಲಾರೆ. ಈ ಲೆಕ್ಕದಲ್ಲಿ ದೊರೆಯ ಸುಖಕ್ಕೆ ಹೆಚ್ಚಿನ ತೂಕವಿಲ್ಲ, ಜೀತದಾಳಿನ ನೋವಿಗೆ ಕಡಿಮೆ ತೂಕವಿಲ್ಲ, ಪ್ರತಿಯೊಬ್ಬರೂ ಒಂದೇ. ಶಿಕ್ಷೆಯೂ ಒಂದು ನೋವೇ ಆದ್ದರಿಂದ ಅದು ತನ್ನಷ್ಟಕ್ಕೆ ಕೆಟ್ಟದ್ದು, ಇನ್ನೂ ದೊಡ್ಡ ನೋವನ್ನು ತಪ್ಪಿಸಿದರೆ ಮಾತ್ರ ಸಮರ್ಥನೀಯ ಎಂದ ಬೆಂಥಮ್. ಪ್ರಾಣಿಗಳ ವಿಷಯಕ್ಕೆ ಬಂದಾಗಲೂ ಅವು ಯೋಚಿಸಬಲ್ಲವೇ ಎಂದು ಕೇಳಬೇಡಿ, ನೋಯಬಲ್ಲವೇ ಎಂದು ಕೇಳಿ ಎಂದ. ಪುರೋಹಿತ, ಗ್ರಂಥ, ಮನೆತನ, ಪರಂಪರೆ ಯಾವುದರ ಅಪ್ಪಣೆಯೂ ಬೇಡದ ನ್ಯಾಯ ಇದು. ಹುಟ್ಟಿನ ಮೇಲೆ ಮನುಷ್ಯನ ಬೆಲೆ ಕಟ್ಟುವ ಸಮಾಜಗಳಲ್ಲಿ ಇದರ ಬಲ ಎಷ್ಟೆಂದು ವಿವರಿಸಬೇಕಾಗಿಲ್ಲ.

ಆದರೆ ಲೆಕ್ಕ ಎಂದ ಮೇಲೆ ಲೆಕ್ಕ ಬರೆಯುವವನೊಬ್ಬ ಇರಲೇಬೇಕು. ಯಾರವನು? ಅವನು ತನ್ನ ಸುಖವನ್ನೇ ಎಲ್ಲರ ಸುಖವೆಂದು ಬರೆದುಕೊಂಡರೆ? ಬೆಂಥಮ್ ಈ ಪ್ರಶ್ನೆಗೆ ಮುಪ್ಪಿನಲ್ಲಿ ಸ್ಪಷ್ಟ ಉತ್ತರ ಕಂಡುಕೊಂಡ. ಆಳುವವರು ಎಂದೂ ತಮ್ಮ ಹಿತವನ್ನೇ ಹುಡುಕುತ್ತಾರೆ, ಅದು ಮನುಷ್ಯಸ್ವಭಾವ. ಆದ್ದರಿಂದ ಅವರನ್ನು ಜನರ ಮತಕ್ಕೆ ಅಧೀನವಾಗಿಡಬೇಕು. ಜೇಮ್ಸ್ ಮಿಲ್ 1820ರಲ್ಲಿ ಸರ್ಕಾರವನ್ನು ಕುರಿತು ಬರೆದ ಪ್ರಬಂಧದಲ್ಲಿಯೂ ಇದೇ ವಾದ ಇದೆ, ಇನ್ನಷ್ಟು ಖಡಾಖಂಡಿತವಾಗಿ. ಹೀಗೆ ಉಪಯುಕ್ತತಾವಾದಕ್ಕೆ ಎರಡು ಅಂಗ: ಸುಖದ ಅಳತೆಗೋಲು ಒಂದು, ಆ ಕೋಲನ್ನು ಹಿಡಿದವನ ಮೇಲಿನ ಕಾವಲು ಇನ್ನೊಂದು. ಇಂಗ್ಲೆಂಡಿನಲ್ಲಿ ಎರಡೂ ಒಟ್ಟಿಗೆ ಬೆಳೆದವು. 1832ರ ಚುನಾವಣಾ ಸುಧಾರಣೆಯ ಚಳವಳಿಯಲ್ಲಿ ಬೆಂಥಮ್‌ನ ಶಿಷ್ಯರು ಮುಂಚೂಣಿಯಲ್ಲಿದ್ದರು. ಭಾರತದ ಹಡಗಿಗೆ ಹತ್ತಿದ್ದು ಮೊದಲನೆಯದು ಮಾತ್ರ.

ಹತ್ತಿಸಿದವನು ಜೇಮ್ಸ್ ಮಿಲ್. ಸ್ಕಾಟ್ಲೆಂಡಿನ ಹಳ್ಳಿಯೊಂದರ ಚಮ್ಮಾರನ ಮಗನಾಗಿ 1773ರಲ್ಲಿ ಹುಟ್ಟಿ, ಓದಿನ ಬಲದಿಂದ ಲಂಡನ್ನಿಗೆ ಬಂದು, ಬರೆದು ಬದುಕುತ್ತಿದ್ದವನು. 1806ರಲ್ಲಿ ಬ್ರಿಟಿಷ್ ಭಾರತದ ಇತಿಹಾಸ ಬರೆಯಲು ಕುಳಿತ; ಮೂರು ಸಂಪುಟಗಳು ಹೊರಬಂದದ್ದು 1817ರಲ್ಲಿ. ಭಾರತದ ಒಂದು ಭಾಷೆಯೂ ಅವನಿಗೆ ಬರುತ್ತಿರಲಿಲ್ಲ. ಅದು ಕೊರತೆಯಲ್ಲ, ಕಣ್ಣಿಗೆ ಕಂಡದ್ದರಿಂದ ಮೋಸಹೋಗದೆ ದೂರದಿಂದ ಕಾಗದಪತ್ರ ನೋಡಿ ತೀರ್ಪು ಕೊಡುವುದೇ ಲೇಸು ಎಂದು ಮುನ್ನುಡಿಯಲ್ಲಿ ವಾದಿಸಿದ. ನಾಗರಿಕತೆಗಳನ್ನು ಉಪಯುಕ್ತತೆಯ ಏಣಿಯ ಮೇಲೆ ನಿಲ್ಲಿಸಿ ನೋಡಿದರೆ ಹಿಂದೂ ಸಮಾಜ ಬಹಳ ಕೆಳಗಿನ ಮೆಟ್ಟಿಲಲ್ಲಿದೆ ಎಂಬುದು ಅವನ ತೀರ್ಮಾನ. ನಮ್ಮ ಚರಿತ್ರೆಯನ್ನು ಹಿಂದೂ, ಮುಸ್ಲಿಂ, ಬ್ರಿಟಿಷ್ ಎಂದು ಮೂರು ಕಾಲಗಳಾಗಿ ಕಡಿದದ್ದೂ ಅವನೇ. ನಮ್ಮ ಶಾಲೆಯ ಪುಸ್ತಕಗಳು ಆ ಕಡಿತದಿಂದ ಬಿಡಿಸಿಕೊಳ್ಳಲು ನೂರೈವತ್ತು ವರ್ಷಗಳಿಗೂ ಮಿಕ್ಕಿ ಬೇಕಾಯಿತು. ಸಾರ್ವಜನಿಕ ಮಾತಿನಲ್ಲಿ ಇನ್ನೂ ಬಿಡಿಸಿಕೊಂಡಿಲ್ಲ.

ಪುಸ್ತಕ ಬಂದ ಎರಡು ವರ್ಷಕ್ಕೆ, 1819ರಲ್ಲಿ, ಈಸ್ಟ್ ಇಂಡಿಯಾ ಕಂಪನಿ ಅವನಿಗೆ ಲಂಡನ್ನಿನ ಲೆಡನ್‌ಹಾಲ್ ಬೀದಿಯ ತನ್ನ ಕೇಂದ್ರ ಕಚೇರಿಯಲ್ಲಿ ಕೆಲಸ ಕೊಟ್ಟಿತು. ಕಂಪನಿಯನ್ನು ಟೀಕಿಸಿ ಬರೆದವನನ್ನೇ ಒಳಗೆ ಕರೆದುಕೊಂಡದ್ದು ಗಮನಿಸಬೇಕಾದ ಸಂಗತಿ. ಕೆಲಸವೇನು? ಕಲ್ಕತ್ತ, ಮದರಾಸು, ಬೊಂಬಾಯಿಗಳಿಂದ ಬಂದ ಪತ್ರಗಳನ್ನು ಓದಿ ಉತ್ತರದ ಕರಡು ಬರೆಯುವುದು. ನಿರ್ದೇಶಕರು ಸಹಿ ಹಾಕುತ್ತಿದ್ದರು, ಸರ್ಕಾರದ ನಿಯಂತ್ರಣ ಮಂಡಳಿ ತಿದ್ದುತ್ತಿತ್ತು, ಆದರೆ ವಾಕ್ಯ ಹುಟ್ಟುತ್ತಿದ್ದುದು ಈ ಮೇಜಿನ ಮೇಲೆ. ಪತ್ರ ಹೊತ್ತ ಹಡಗು ಆಫ್ರಿಕಾವನ್ನು ಸುತ್ತಿ ತಿಂಗಳುಗಟ್ಟಲೆ ಸಾಗಿ ಭಾರತ ಮುಟ್ಟುತ್ತಿತ್ತು. 1823ರಲ್ಲಿ ಹದಿನೇಳು ತುಂಬಿದ ಮಗ ಜಾನ್ ಸ್ಟುವರ್ಟ್ ಮಿಲ್ ಅದೇ ಕಚೇರಿ ಸೇರಿದ. 1858ರವರೆಗೆ ಅಲ್ಲೇ ಇದ್ದ. 1830ರಲ್ಲಿ ತಂದೆ ಆ ವಿಭಾಗದ ಮುಖ್ಯಸ್ಥನಾದ. ಪ್ರಜಾಪ್ರಭುತ್ವದ ಬಗ್ಗೆ ಬರೆದ ಇಬ್ಬರು ದೊಡ್ಡ ತತ್ತ್ವಜ್ಞಾನಿಗಳು ಸಂಬಳಕ್ಕಾಗಿ ಮಾಡಿದ ಕೆಲಸ, ಮತವೇ ಇಲ್ಲದ ಕೋಟ್ಯಂತರ ಜನರನ್ನು ಆಳುವ ಪತ್ರಗಳನ್ನು ಬರೆಯುವುದು.

ಇನ್ನೊಂದು ದಾರಿ ಹೇಲಿಬರಿ ಕಾಲೇಜು. ಭಾರತಕ್ಕೆ ಬರುವ ಸಿವಿಲ್ ಅಧಿಕಾರಿಗಳನ್ನು ಹದಿಹರೆಯದಲ್ಲೇ ತರಬೇತುಗೊಳಿಸಲು ಕಂಪನಿ 1806ರಲ್ಲಿ ತೆರೆದ ಶಾಲೆ ಅದು. ಅಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದವನು ಜನಸಂಖ್ಯೆಯ ಸಿದ್ಧಾಂತದ ಮಾಲ್ಥಸ್. ಓದಲು ಕೊಡುತ್ತಿದ್ದ ಇತಿಹಾಸ ಮಿಲ್‌ನದು. ಸಂಸ್ಕೃತ ವಿದ್ವಾಂಸ ಎಚ್. ಎಚ್. ವಿಲ್ಸನ್ 1840ರ ದಶಕದಲ್ಲಿ ಆ ಪುಸ್ತಕವನ್ನು ಮರುಮುದ್ರಣ ಮಾಡುವಾಗ ಪುಟಪುಟಕ್ಕೂ ತಿದ್ದುಪಡಿಯ ಟಿಪ್ಪಣಿ ಹಾಕಿದ. ಹೊಸ ತಲೆಮಾರಿನ ಅಧಿಕಾರಿಗಳಲ್ಲಿ ಜನರ ಬಗ್ಗೆ ಕಂಡುಬರುತ್ತಿರುವ ಒರಟುತನಕ್ಕೆ ಎಳವೆಯಲ್ಲಿ ಓದಿದ ಮಿಲ್‌ನ ಇತಿಹಾಸವೇ ಮೂಲ ಎಂದು ನೇರವಾಗಿ ಬರೆದ. ತತ್ತ್ವವೊಂದು ಮನುಷ್ಯರ ನಡತೆಯಾಗಿ ಬದಲಾದುದನ್ನು ಕಣ್ಣಾರೆ ಕಂಡವನ ಸಾಕ್ಷ್ಯ ಅದು.

ಮೇಲಿನ ಹಂತದಲ್ಲಿ ಲಾರ್ಡ್ ವಿಲಿಯಂ ಬೆಂಟಿಂಕ್ ಇದ್ದ. ಗವರ್ನರ್ ಜನರಲ್ ಆಗಿ ಹೊರಡುವ ಮುನ್ನ ಲಂಡನ್ನಿನಲ್ಲಿ, ಬೆಂಥಮ್‌ನ ಶಿಷ್ಯ ಜಾರ್ಜ್ ಗ್ರೋಟ್‌ನ ಮನೆಯ ಬೀಳ್ಕೊಡುಗೆಯ ಊಟದಲ್ಲಿ, ತಾನು ಹೋಗುತ್ತಿದ್ದರೂ ನಿಜವಾದ ಗವರ್ನರ್ ಜನರಲ್ ಬೆಂಥಮ್‌ನೇ ಎಂಬರ್ಥದ ಮಾತಾಡಿದನಂತೆ. ಈ ಮಾತು ನಮಗೆ ತಿಳಿದಿರುವುದು ಬೆಂಥಮ್‌ನ ಪತ್ರದಿಂದ, ಆದ್ದರಿಂದ ಅದರ ತೂಕವನ್ನು ಸ್ವಲ್ಪ ಇಳಿಸಿಯೇ ನೋಡಬೇಕು. ಆದರೂ 1828ರಿಂದ 1835ರವರೆಗಿನ ಅವನ ಆಡಳಿತದಲ್ಲಿ ಆ ಚಿಂತನೆಯ ಗುರುತುಗಳಿವೆ. 1829ರ ಸತಿ ನಿಷೇಧ ಅವುಗಳಲ್ಲೊಂದು. ಅದರ ಹಿಂದೆ ರಾಮಮೋಹನ ರಾಯರ ಹೋರಾಟವೂ ಕ್ರೈಸ್ತ ಪಾದ್ರಿಗಳ ಒತ್ತಡವೂ ಇದ್ದವು ಎಂಬುದನ್ನು ಮರೆಯಬಾರದು. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತವನ್ನು ಕಿತ್ತುಕೊಂಡವನೂ ಇವನೇ. ಅದಕ್ಕೆ ನಗರ ಸೀಮೆಯ ದಂಗೆ ಮತ್ತು ಕಂಪನಿಗೆ ಸಲ್ಲಬೇಕಾದ ಹಣದ ಬಾಕಿ ಕಾರಣವಾದವು, ಬೆಂಥಮ್ ಅಲ್ಲ. ಆಳುವವರ ಪ್ರತಿ ಹೆಜ್ಜೆಯ ಹಿಂದೆಯೂ ಒಂದು ಗ್ರಂಥವನ್ನು ಹುಡುಕುವವರು ಹಣದ ಚೀಲವನ್ನು ನೋಡುವುದನ್ನು ಮರೆಯುತ್ತಾರೆ.

ಹಣ ಮತ್ತು ತತ್ತ್ವ ಎರಡೂ ಒಂದಾದದ್ದು ಭೂಕಂದಾಯದಲ್ಲಿ. ಇಲ್ಲಿ ರಿಕಾರ್ಡೊ ಬರುತ್ತಾನೆ. ಮಿಲ್‌ನ ಒತ್ತಾಯದಿಂದಲೇ ಅವನು ಬರೆದ ಅರ್ಥಶಾಸ್ತ್ರದ ಗ್ರಂಥವೂ 1817ರದೇ. ಅದರಲ್ಲಿನ ಗೇಣಿಯ ಸಿದ್ಧಾಂತವನ್ನು ಹೀಗೆ ವಿವರಿಸಬಹುದು. ಒಂದೇ ಅಳತೆಯ ಮೂರು ಹೊಲಗಳಿವೆ ಎಂದುಕೊಳ್ಳಿ. ಒಂದೇ ಪ್ರಮಾಣದ ಬೀಜ, ಎತ್ತು, ಆಳು ಹಾಕಿದರೆ ಒಳ್ಳೆಯ ಎರೆಭೂಮಿಯಲ್ಲಿ 12 ಚೀಲ ಜೋಳ, ಎರಡನೆಯದರಲ್ಲಿ 9, ಮಡ್ಡಿ ನೆಲದಲ್ಲಿ 6. ಸಾಗುವಳಿಯ ಖರ್ಚು, ದುಡಿದವನ ಕೂಲಿ, ಬಂಡವಾಳದ ಲಾಭ ಸೇರಿ 6 ಚೀಲಕ್ಕೆ ಸಮ. ಹಾಗಾದರೆ ಮಡ್ಡಿ ನೆಲದಲ್ಲಿ ಮಿಕ್ಕುವುದು ಏನೂ ಇಲ್ಲ, ಎರಡನೆಯದರಲ್ಲಿ 3, ಎರೆಭೂಮಿಯಲ್ಲಿ 6. ಈ ಮಿಗತೆ ಯಾರ ಶ್ರಮದ ಫಲವೂ ಅಲ್ಲ, ಮಣ್ಣಿನ ವ್ಯತ್ಯಾಸದಿಂದ ಬಂದದ್ದು. ಇದನ್ನು ತೆರಿಗೆಯಾಗಿ ತೆಗೆದುಕೊಂಡರೆ ದುಡಿಯುವವನಿಗೂ ನಷ್ಟವಿಲ್ಲ, ಕಾಳಿನ ಬೆಲೆಯೂ ಏರುವುದಿಲ್ಲ.

ಇಂಗ್ಲೆಂಡಿನಲ್ಲಿ ಈ ಮಿಗತೆ ಕೈಕಟ್ಟಿ ಕುಳಿತ ಜಮೀನ್ದಾರನಿಗೆ ಹೋಗುತ್ತಿತ್ತು. ಜೇಮ್ಸ್ ಮಿಲ್ ಜಮೀನ್ದಾರ ವರ್ಗವನ್ನು ದ್ವೇಷಿಸುತ್ತಿದ್ದ. ಬಂಗಾಳದಲ್ಲಿ ಕಾರ್ನ್‌ವಾಲಿಸ್ 1793ರಲ್ಲಿ ಜಮೀನ್ದಾರರಿಗೆ ನೆಲವನ್ನು ಖಾಯಂ ಮಾಡಿಕೊಟ್ಟದ್ದು ಅವನ ಕಣ್ಣಿಗೆ ಮಹಾಪ್ರಮಾದ. ಭಾರತದಲ್ಲಿ ಸರ್ಕಾರವೇ ಭೂಮಿಯ ಒಡೆಯನಾಗಿ ನೇರ ರೈತನಿಂದ ಈ ಮಿಗತೆಯನ್ನು ಪಡೆದರೆ ಬೇರೆ ತೆರಿಗೆಗಳ ಅಗತ್ಯವೇ ಬೀಳದು, ನಡುವೆ ಸುಲಿಯುವವರು ಇರುವುದಿಲ್ಲ, ರೈತ ಏಳಿಗೆ ಹೊಂದುತ್ತಾನೆ ಎಂಬುದು ಅವನ ಕನಸು. ಕನಸು ಕ್ಷುದ್ರವಾದುದಲ್ಲ. ಅದನ್ನು ನೆಲದ ಮೇಲೆ ಇಳಿಸಿದವನು ಹೇಲಿಬರಿಯಲ್ಲಿ ಓದಿ ಬಂದ ಯುವ ಅಧಿಕಾರಿ ಆರ್. ಕೆ. ಪ್ರಿಂಗಲ್. 1820ರ ದಶಕದ ಕೊನೆಯಲ್ಲಿ ಪುಣೆ ಸೀಮೆಯ ಹೊಲಗಳನ್ನು ಅಳೆಸಿ, ಮಣ್ಣಿನ ದರ್ಜೆ ಮಾಡಿಸಿ, ಒಂದೊಂದು ದರ್ಜೆಯ ನಿವ್ವಳ ಹುಟ್ಟುವಳಿಯನ್ನು ಲೆಕ್ಕ ಹಾಕಿಸಿ, ಅದರ ಶೇಕಡಾ 55 ಸರ್ಕಾರದ ಪಾಲೆಂದು ಗೊತ್ತುಮಾಡಿದ. ಪುಸ್ತಕದ ಸಿದ್ಧಾಂತವನ್ನು ಇಷ್ಟು ನಿಷ್ಠೆಯಿಂದ ಜಾರಿಗೆ ತಂದವರು ಕಡಿಮೆ.

ಲೆಕ್ಕ ಕೆಟ್ಟಿತು. ನಿವ್ವಳ ಹುಟ್ಟುವಳಿ ಎಂಬುದು ಪುಸ್ತಕದಲ್ಲಿ ಒಂದು ಅಂಕಿ. ಹೊಲದಲ್ಲಿ ಅದು ವರ್ಷವರ್ಷಕ್ಕೂ ಮಳೆಯ ಮೇಲೆ ಏರಿಳಿಯುವ ಸಂಗತಿ. ಮನೆಮಂದಿಯೆಲ್ಲ ದುಡಿದದ್ದಕ್ಕೆ ಕೂಲಿ ಎಷ್ಟು ಹಿಡಿಯಬೇಕು? ಎತ್ತು ಸತ್ತ ವರ್ಷದ ಲೆಕ್ಕ ಹೇಗೆ? ಸಾಹುಕಾರನ ಬಡ್ಡಿ ಯಾವ ಕಲಮಿಗೆ ಹೋಗಬೇಕು? ಅಳೆಯುವ ಕೆಳಗಿನ ನೌಕರರು ಲಂಚಕ್ಕೆ ಕೈಯೊಡ್ಡಿದರು. ಇದೇ ಹೊತ್ತಿಗೆ ದವಸದ ಬೆಲೆ ಕುಸಿಯಿತು, ಕಂದಾಯ ಮಾತ್ರ ನಗದಿನಲ್ಲಿ ನಿಂತೇ ಇತ್ತು. ರೈತರು ಹೊಲ ಬಿಟ್ಟು ಹೋದರು, ಹಳ್ಳಿಗಳು ಬರಿದಾದವು. 1835ರಿಂದ ಇಂದಾಪುರ ತಾಲ್ಲೂಕಿನಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಇಬ್ಬರು ಅಧಿಕಾರಿಗಳು ಕೆಲಸವನ್ನು ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು. ಅವರು ನಿವ್ವಳ ಹುಟ್ಟುವಳಿಯ ಲೆಕ್ಕವನ್ನೇ ಕೈಬಿಟ್ಟರು. ಆ ಸೀಮೆ ಹಿಂದೆ ಎಷ್ಟು ಕಟ್ಟಿತ್ತು, ಯಾವ ದರದಲ್ಲಿ ಸಾಗುವಳಿ ಹೆಚ್ಚಿತ್ತು, ಯಾವ ದರದಲ್ಲಿ ಬೀಳುಬಿದ್ದಿತ್ತು ಎಂಬ ಅನುಭವದಿಂದ ತಾಲ್ಲೂಕಿನ ದರ ಕಟ್ಟಿದರು. ಮಣ್ಣಿನ ಬಣ್ಣ, ಆಳ, ದೋಷಗಳನ್ನು ನೋಡಿ ಹೊಲಗಳಿಗೆ ಆಣೆಯ ಲೆಕ್ಕದಲ್ಲಿ ದರ್ಜೆ ಕೊಟ್ಟು ಹಂಚಿದರು. 30 ವರ್ಷ ಬದಲಿಸುವುದಿಲ್ಲ ಎಂದು ಮಾತು ಕೊಟ್ಟರು. 1840ರ ದಶಕದಲ್ಲಿ ಧಾರವಾಡ ಸೀಮೆಗೆ ಬಂದದ್ದು ಈ ಪದ್ಧತಿ. ಮೈಸೂರಿನಲ್ಲಿ 1863ರಲ್ಲಿ, ಬೌರಿಂಗ್ ಕಮಿಷನರಾಗಿದ್ದಾಗ, ಬೊಂಬಾಯಿ ಮಾದರಿಯ ಸರ್ವೆ ಸೆಟ್ಲ್‌ಮೆಂಟ್ ಇಲಾಖೆ ಶುರುವಾಯಿತು. ರಿಕಾರ್ಡೊನ ಸೂತ್ರ ಇಂದಾಪುರದಲ್ಲೇ ಸತ್ತಿತ್ತು, ಆದರೆ ಅದಕ್ಕಾಗಿ ಕಟ್ಟಿದ ಚೌಕಟ್ಟು, ಅಂದರೆ ಅಳತೆ, ನಂಬರು, ಮಣ್ಣಿನ ದರ್ಜೆ, ಸರ್ಕಾರ–ರೈತ ನೇರ ಸಂಬಂಧ, ನಮ್ಮ ಆಕಾರಬಂದ್ ಪುಸ್ತಕಗಳಲ್ಲಿ ನೆಲೆ ನಿಂತಿತು.

ಇದರ ಪಕ್ಕದಲ್ಲಿ ಥಾಮಸ್ ಮನ್ರೋನನ್ನು ಇಟ್ಟು ನೋಡಬೇಕು. ಬಾರಾಮಹಲ್, ಟಿಪ್ಪುವಿನ ಪತನದ ಬಳಿಕ ಕನ್ನಡ ಜಿಲ್ಲೆ, ನಂತರ ನಿಜಾಮ ಬಿಟ್ಟುಕೊಟ್ಟ ಬಳ್ಳಾರಿ–ಅನಂತಪುರ–ಕಡಪ ಸೀಮೆ, ಹೀಗೆ ವರ್ಷಗಟ್ಟಲೆ ಡೇರೆಯಲ್ಲಿ ಬದುಕಿ, ಹಳ್ಳಿಯಿಂದ ಹಳ್ಳಿಗೆ ತಿರುಗಿ, ರೈತನಿಂದಲೇ ನೇರವಾಗಿ ಕಂದಾಯ ಪಡೆಯುವ ರಯತವಾರಿಯನ್ನು ರೂಪಿಸಿದವನು ಅವನು. ಅವನ ರಯತವಾರಿಗೂ ಮಿಲ್‌ನ ರಯತವಾರಿಗೂ ಹೆಸರೊಂದೇ, ಬೇರು ಬೇರೆ. ಮನ್ರೋ ಇಲ್ಲಿ ಇದ್ದ ರೂಢಿಯಿಂದ ಹೊರಟ, ಮಿಲ್ ತರ್ಕದಿಂದ. ತಾನು ನಡೆಸಿದ ವಸೂಲಿ ಹೆಚ್ಚಾಯಿತೆಂದು ಕಂಡಾಗ ಮನ್ರೋ 1807ರಲ್ಲಿ ಅದನ್ನು ಕಾಲುಭಾಗ ಇಳಿಸಬೇಕೆಂದು ಬರೆದ. ಅವನೂ ಪರರಾಜ್ಯದ ಆಳುವವನೇ, ಅದನ್ನು ಮರೆಯಲಾಗದು. ಆದರೆ ಎದುರಿಗೆ ನಿಂತ ರೈತನ ಮುಖ ನೋಡಿ ಅಂಕಿಯನ್ನು ತಿದ್ದಿಕೊಳ್ಳುವ ಗುಣ ಸಿದ್ಧಾಂತ ಓದಿ ಬಂದವರಿಗಿಂತ ಅವನಲ್ಲಿ ಹೆಚ್ಚಿತ್ತು.

ಕಾನೂನಿನ ಕಥೆ ಚಿಕ್ಕದು, ಆದರೆ ಪರಿಣಾಮ ದೀರ್ಘ. 1834ರಲ್ಲಿ ಮೆಕಾಲೆ ಗವರ್ನರ್ ಜನರಲ್‌ನ ಮಂಡಳಿಯ ಕಾನೂನು ಸದಸ್ಯನಾಗಿ ಮದರಾಸಿಗೆ ಬಂದಿಳಿದು, ಪಲ್ಲಕ್ಕಿಯಲ್ಲಿ ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರುಗಳನ್ನು ದಾಟಿ ಊಟಿಯಲ್ಲಿದ್ದ ಬೆಂಟಿಂಕ್‌ನನ್ನು ಸೇರಿಕೊಂಡ. ಐದು ವರ್ಷ ಮುಂಚೆ ಇದೇ ಮೆಕಾಲೆ ಜೇಮ್ಸ್ ಮಿಲ್‌ನ ಸರ್ಕಾರದ ಪ್ರಬಂಧವನ್ನು ಪತ್ರಿಕೆಯಲ್ಲಿ ತೀಕ್ಷ್ಣವಾಗಿ ಖಂಡಿಸಿದ್ದ. ಆದರೂ ದಂಡಸಂಹಿತೆ ಬರೆಯಲು ಕುಳಿತಾಗ ಹಿಡಿದದ್ದು ಬೆಂಥಮ್‌ನ ದಾರಿಯನ್ನೇ: ಎಲ್ಲ ಅಪರಾಧಗಳೂ ಒಂದೇ ಪುಸ್ತಕದಲ್ಲಿ, ಪ್ರತಿ ಪದಕ್ಕೂ ವ್ಯಾಖ್ಯೆ, ವ್ಯಾಖ್ಯೆಯ ಕೆಳಗೆ ‘ಎ’ ಎಂಬವನು ‘ಝಡ್’ ಎಂಬವನಿಗೆ ಹೀಗೆ ಮಾಡಿದರೆ ಎಂಬ ದೃಷ್ಟಾಂತಗಳು. ಕರಡು 1837ರಲ್ಲಿ ಸಿದ್ಧವಾಯಿತು, 1860ರಲ್ಲಿ ಶಾಸನವಾಯಿತು, 1862ರ ಜನವರಿ 1ರಿಂದ ಜಾರಿಗೆ ಬಂತು. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಬರುವ ತನಕ ನಡೆಯಿತು. ಇಂಗ್ಲೆಂಡಿನಲ್ಲಿ ಬೆಂಥಮ್ ಜೀವಮಾನವಿಡೀ ಕೇಳಿದ ಸಂಹಿತೆ ಅಲ್ಲಿ ಇಂದಿಗೂ ಆಗಿಲ್ಲ. ಅಲ್ಲಿ ವಕೀಲರು, ನ್ಯಾಯಾಧೀಶರು, ಸಂಸತ್ತು ಅಡ್ಡ ನಿಂತರು. ಇಲ್ಲಿ ಅಡ್ಡ ನಿಲ್ಲುವ ಸಂಸತ್ತೇ ಇರಲಿಲ್ಲ. ಒಳ್ಳೆಯ ಕಾನೂನು ಸುಲಭವಾಗಿ ಬಂದದ್ದಕ್ಕೂ ಕೆಟ್ಟ ಕಾನೂನು ಸುಲಭವಾಗಿ ಬಂದದ್ದಕ್ಕೂ ಕಾರಣ ಒಂದೇ.

ಇಲ್ಲಿಗೆ ನಾವು ಬಿಟ್ಟುಬಂದ ಆ ಎರಡನೆಯ ಅಂಗದ, ಅಂದರೆ ಆಳುವವರ ಮೇಲಿನ ಕಾವಲಿನ, ಮಾತಿಗೆ ಬರಬೇಕು. ಕಂಪನಿಯ ಚಾರ್ಟರ್ ನವೀಕರಣದ ಹೊತ್ತಿಗೆ ಸಂಸತ್ತಿನ ಸಮಿತಿ ಜೇಮ್ಸ್ ಮಿಲ್‌ನನ್ನು ಕರೆಸಿ ಭಾರತದಲ್ಲಿ ಪ್ರಾತಿನಿಧಿಕ ಸರ್ಕಾರ ಸಾಧ್ಯವೇ ಎಂದು ಕೇಳಿದಾಗ, ಅದು ಮಾತಾಡುವ ಪ್ರಶ್ನೆಯೇ ಅಲ್ಲ ಎಂದ. ಜನರಿಗೆ ಬೇಕಾದುದು ಅಗ್ಗದ, ಒಳ್ಳೆಯ ಆಡಳಿತ. ಅದನ್ನು ನಡೆಸುವವರು ಯಾರೆಂಬುದು ಅವರಿಗೆ ಮುಖ್ಯವಲ್ಲ ಎಂಬುದು ಅವನ ನಿಲುವು. ಆಳುವವರನ್ನು ಎಂದೂ ನಂಬಬೇಡಿ ಎಂದು ಇಂಗ್ಲೆಂಡಿಗೆ ಬರೆದವನು ಭಾರತದವರಿಗೆ ಆಳುವವರನ್ನು ನಂಬಿ ಎಂದ. ಮಗ ಜಾನ್ ಸ್ಟುವರ್ಟ್ ತಂದೆಗಿಂತ ಸೂಕ್ಷ್ಮ ಮನಸ್ಸಿನವನು. ಸುಖಗಳಲ್ಲಿ ಮೇಲು ಕೀಳು ಇದೆ, ಬರಿ ಮೊತ್ತ ಸಾಲದು ಎಂದು ಬೆಂಥಮ್‌ನನ್ನು ತಿದ್ದಿದ. 1859ರಲ್ಲಿ ಸ್ವಾತಂತ್ರ್ಯವನ್ನು ಕುರಿತು ಬರೆದ ಪುಸ್ತಕ ಇಂದಿಗೂ ವ್ಯಕ್ತಿಸ್ವಾತಂತ್ರ್ಯದ ಅತ್ಯುತ್ತಮ ಸಮರ್ಥನೆಗಳಲ್ಲೊಂದು. ಆದರೆ ಆ ಪುಸ್ತಕದ ಆರಂಭದಲ್ಲೇ ಒಂದು ಬೇಲಿ ಇದೆ: ಹಿಂದುಳಿದ ಸಮಾಜಗಳಿಗೆ ಈ ತತ್ತ್ವ ಅನ್ವಯಿಸದು, ಅವರಿಗೆ ಒಬ್ಬ ಅಕ್ಬರ್ ಸಿಕ್ಕರೆ ಅದೇ ಭಾಗ್ಯ. ಮೂವತ್ತೈದು ವರ್ಷ ಕಂಪನಿಯ ಕರಡು ಬರೆದ ಕೈ ಆ ಬೇಲಿಯನ್ನು ಹಾಕಿತು ಎಂದೇ ನಾನು ನಂಬುತ್ತೇನೆ.

ಬೆಂಥಮ್‌ನ ಪರವಾಗಿ ಒಂದು ಮಾತು ಹೇಳಲೇಬೇಕು. ಒಂದು ದೇಶದ ಕಾನೂನನ್ನು ಇನ್ನೊಂದಕ್ಕೆ ಒಯ್ಯುವಾಗ ಕಾಲದೇಶಗಳನ್ನು ಹೇಗೆ ಗಮನಿಸಬೇಕು ಎಂದು ಅವನು ಬಂಗಾಳವನ್ನೇ ಉದಾಹರಣೆಯಾಗಿಟ್ಟು ಒಂದು ಪ್ರಬಂಧ ಬರೆದಿದ್ದ. 1793ರಲ್ಲಿ ಫ್ರಾನ್ಸಿನ ಕ್ರಾಂತಿಸಭೆಯನ್ನು ಉದ್ದೇಶಿಸಿ, ನಿಮ್ಮ ವಸಾಹತುಗಳನ್ನು ಬಿಟ್ಟುಬಿಡಿ ಎಂದು ಇನ್ನೊಂದನ್ನು ಬರೆದ. ನಿಮ್ಮ ಸರ್ಕಾರವನ್ನು ನೀವೇ ಆರಿಸಿಕೊಂಡಿರಿ, ಅವರ ಸರ್ಕಾರವನ್ನು ಅವರು ಆರಿಸಿಕೊಳ್ಳುವುದು ಬೇಡವೇ ಎಂಬುದು ಅದರ ತಿರುಳು. ಲೆಡನ್‌ಹಾಲ್ ಬೀದಿಯ ದಫ್ತರಕ್ಕೆ ಅವನ ಸಂಹಿತೆ ಬಂತು, ಅವನ ಅಳತೆಗೋಲು ಬಂತು. ಈ ಪ್ರಬಂಧ ಬರಲಿಲ್ಲ.

ಕಾವಲಿನ ಆ ಅಂಗವನ್ನು ತಂದುಕೊಂಡವರು ಭಾರತೀಯರೇ. ದಾದಾಭಾಯಿ ನವರೋಜಿಯವರು ಆಳುವವರ ಅಳತೆಗೋಲನ್ನೇ ಕೈಗೆತ್ತಿಕೊಂಡು ಆಳುವವರನ್ನು ಅಳೆದರು. 1867–70ರ ಅಂಕಿಗಳನ್ನು ಕೂಡಿ ಕಳೆದು ಭಾರತದ ತಲಾ ವಾರ್ಷಿಕ ಹುಟ್ಟುವಳಿ 20 ರೂಪಾಯಿ ಎಂದು ತೋರಿಸಿದರು. ಸರ್ಕಾರ ಜೈಲಿನ ಕೈದಿಯ ಅನ್ನ ಬಟ್ಟೆಗೆ ಖರ್ಚು ಮಾಡುತ್ತಿದ್ದುದು ಅದಕ್ಕಿಂತ ಹೆಚ್ಚು ಎಂದೂ ತೋರಿಸಿದರು. ಗರಿಷ್ಠ ಸುಖದ ಹೆಸರಲ್ಲಿ ನಡೆದ ಆಡಳಿತಕ್ಕೆ ಇದಕ್ಕಿಂತ ಗಟ್ಟಿಯಾದ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಗಾಂಧೀಜಿ ಅಳತೆಗೋಲನ್ನೇ ನಿರಾಕರಿಸಿದರು. ರಿಕಾರ್ಡೊ, ಜಾನ್ ಸ್ಟುವರ್ಟ್ ಮಿಲ್‌ರ ಅರ್ಥಶಾಸ್ತ್ರವನ್ನು ಖಂಡಿಸಿದ ರಸ್ಕಿನ್‌ನ ಪುಸ್ತಕವನ್ನು 1908ರಲ್ಲಿ ‘ಸರ್ವೋದಯ’ ಎಂಬ ಹೆಸರಲ್ಲಿ ಗುಜರಾತಿಗೆ ಇಳಿಸಿದಾಗ, ಹೆಚ್ಚಿನವರ ಸುಖಕ್ಕಾಗಿ ಕೆಲವರು ನೋಯಬಹುದು ಎಂಬ ಲೆಕ್ಕ ತಮಗೆ ಸಲ್ಲದು, ಎಲ್ಲರ ಹಿತವೇ ಗುರಿ ಎಂದರು.

ಅಂಬೇಡ್ಕರರ ದಾರಿ ಮೂರನೆಯದು, ನನ್ನ ದೃಷ್ಟಿಯಲ್ಲಿ ಅತ್ಯಂತ ಫಲಕಾರಿಯಾದದ್ದು. ಅವರು ಬೆಂಥಮ್‌ನ ಬಳಗದ ಪುಸ್ತಕಗಳನ್ನು ಬೇಲಿ ಕಿತ್ತು ಓದಿದರು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕರಡನ್ನು ಮಂಡಿಸುವಾಗ ಅವರು ಉಲ್ಲೇಖಿಸಿದ್ದು ಗ್ರೀಸಿನ ಇತಿಹಾಸ ಬರೆದ ಜಾರ್ಜ್ ಗ್ರೋಟ್‌ನನ್ನು. ಬೆಂಟಿಂಕ್‌ಗೆ ಬೀಳ್ಕೊಡುಗೆಯ ಊಟ ಹಾಕಿದ ಗ್ರೋಟ್ ಇವನೇ. ಸಾಂವಿಧಾನಿಕ ನೈತಿಕತೆ ಎಂದು ಇಂದು ನಮ್ಮ ನ್ಯಾಯಾಲಯಗಳು ಮತ್ತೆ ಮತ್ತೆ ಬಳಸುವ ಪರಿಕಲ್ಪನೆಯನ್ನು ಅವರು ಪಡೆದದ್ದು ಅವನಿಂದ. ಅದು ತಾನಾಗಿ ಹುಟ್ಟುವುದಿಲ್ಲ, ಬೆಳೆಸಿಕೊಳ್ಳಬೇಕು ಎಂದು ಸಭೆಗೆ ಹೇಳಿದರು. ಅದು ಇನ್ನೂ ಬೆಳೆಯದ ನಾಡಿನಲ್ಲಿ ಆಡಳಿತದ ಸ್ವರೂಪವನ್ನು ಶಾಸಕಾಂಗದ ಇಷ್ಟಕ್ಕೆ ಬಿಡದೆ ಸಂವಿಧಾನದಲ್ಲೇ ಬರೆದಿಡಬೇಕು ಎಂದು ಸಮರ್ಥಿಸಿದರು. ಕಾವಲಿಲ್ಲದೆ ಅಳತೆಗೋಲನ್ನು ಯಾರ ಕೈಗೂ ಕೊಡಬಾರದು ಎಂಬ ಆ ಹಳೆಯ ವಾದ ಭಾರತದ ಪರವಾಗಿ ಮಾತಾಡಿದ್ದು ಆಗ.

ಒಂದು ವರ್ಷದ ಬಳಿಕ, 1949ರ ನವೆಂಬರ್ 25ರ ಭಾಷಣದಲ್ಲಿ, ಜಾನ್ ಸ್ಟುವರ್ಟ್ ಮಿಲ್‌ನ ಒಂದು ಎಚ್ಚರಿಕೆಯನ್ನು ಅವರು ಸಭೆಯ ಮುಂದಿಟ್ಟರು: ಎಷ್ಟೇ ದೊಡ್ಡ ಮನುಷ್ಯನಾಗಲಿ, ಅವನ ಪಾದದಡಿ ನಿಮ್ಮ ಸ್ವಾತಂತ್ರ್ಯವನ್ನು ಇಡಬೇಡಿ. ಅಕ್ಬರನಂಥವನು ಸಿಕ್ಕರೆ ಸಾಕು ಎಂದು ನಮ್ಮಂಥವರ ಬಗ್ಗೆ ಬರೆದಿದ್ದವನ ಮಾತನ್ನೇ, ಅಕ್ಬರರು ಬೇಡವೆಂದು ಹೇಳಲು ಬಳಸಿದರು. ಪ್ರತಿಯೊಬ್ಬರೂ ಲೆಕ್ಕದಲ್ಲಿ ಒಂದೇ ಎಂಬ ಬೆಂಥಮ್‌ನ ನಿಯಮ ರಾಜಕೀಯದಲ್ಲಿ ಒಬ್ಬರಿಗೆ ಒಂದು ಮತವಾಗಿ ಬಂದಿದೆ, ಆದರೆ ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅದನ್ನು ಇನ್ನೂ ನಿರಾಕರಿಸುತ್ತಲೇ ಇದ್ದೇವೆ ಎಂಬ ಅವರ ಪ್ರಸಿದ್ಧ ಮಾತನ್ನು ನಾನು ಓದಿಕೊಳ್ಳುವುದು ಹೀಗೆ. ಅದೂ ಇದೇ ಭಾಷಣದ್ದು. ಅಂಬೇಡ್ಕರರ ಬರಹಗಳು ಮತ್ತು ಭಾಷಣಗಳ ಕನ್ನಡ ಸಂಪುಟಗಳು ನಮ್ಮ ಗ್ರಂಥಾಲಯಗಳಲ್ಲಿವೆ. ಈ ಎರಡು ಭಾಷಣಗಳನ್ನು ತುಣುಕುಗಳಲ್ಲಿ ಅಲ್ಲ, ಆದಿಯಿಂದ ಅಂತ್ಯದವರೆಗೆ ಓದಿ. ಜೊತೆಗೆ ಮಿಲ್‌ನ ಸ್ವಾತಂತ್ರ್ಯದ ಪುಸ್ತಕವನ್ನೂ ಓದಿ.